ವೆಲ್ ಸೆಟಲ್ಡ್ ಹುಡುಗನಿಗೊಂದು ಫ್ರೆಂಚ್ ಪದ

ನಮಗೆ ಯಾವ ವಿದ್ಯೆ ಬರುತ್ತದೆಂದು ಅಕ್ಕಪಕ್ಕದವರಿಗೆ ಹೇಳಬಾರದು. ನನ್ನ ಸೋದರಮಾವ ಒಬ್ಬರಿಗೆ ಅಂಗೈ ನೋಡಿ ಭವಿಷ್ಯ ಹೇಳಲು ಅಲ್ಪಸ್ವಲ್ಪ ಬರುತ್ತಿತ್ತು. ಪಾಪ, ಯಾವ ಮದುವೆಮನೆಯಲ್ಲೂ ಅವರು ಬಿಸಿ ಊಟ ಮಾಡಿದ್ದನ್ನು ನಾನು ಕಾಣೆ. ಎಲೆಯ ಮುಂದೆ ಕೂತರೆ ಸಾರು ಬರುವ ಮೊದಲು ಯಾರದಾದರೂ ಅಂಗೈ ಬರುತ್ತಿತ್ತು. ಅವರ ಹೆಂಡತಿ ಜಾಣೆ. ಅವರಿಗೆ ರವಿಕೆ ಹೊಲಿಯಲು ಬಹಳ ಚೆನ್ನಾಗಿ ಬರುತ್ತಿತ್ತು ಎಂಬ ಸಂಗತಿ ಬೀದಿಯವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಹೊಲಿಗೆ ಮಿಷನ್ನಿನ ಮೇಲೆ ಸದಾ ಒಂದು ಹೂವಿನ ಕುಂಡ ಇಟ್ಟಿರುತ್ತಿದ್ದರು. ನಾನು ಅತ್ತೆಯ ದಾರಿ ಹಿಡಿಯಬೇಕಿತ್ತು. ಹಿಡಿದದ್ದು ಮಾವನ ದಾರಿ.

ನನಗೆ ಬರುವ ವಿದ್ಯೆ ಫ್ರೆಂಚ್. ಮೈಸೂರಿನಲ್ಲಿ ಕಾಲೇಜಿಗೆ ಸೇರಿದಾಗ ಸಂಸ್ಕೃತದ ತರಗತಿಯಲ್ಲಿ ಜಾಗ ಮುಗಿದಿತ್ತು, ಫ್ರೆಂಚಿನ ತರಗತಿಯಲ್ಲಿ ಬೆಂಚುಗಳು ಖಾಲಿ ಇದ್ದವು. ನಾನು ಫ್ರೆಂಚನ್ನು ಆರಿಸಿಕೊಂಡದ್ದಲ್ಲ, ಬೆಂಚು ಕಂಡು ಕೂತದ್ದು. ಕೂತ ಮೇಲೆ ಹಿಡಿಸಿತು, ಓದಿದೆ, ಪಾಸೂ ಆದೆ. ಮದುವೆಯಾಗಿ ವಿಮಾ ಕಚೇರಿಯ ನೌಕರರೊಬ್ಬರ ಹಿಂದೆ ಗುಜರಾತಿಗೆ ಬಂದೆ. ಮೊದಲು ವಡೋದರದ ಗೋರ್ವಾ, ಆಮೇಲೆ ಅಹಮದಾಬಾದ್, ಈಗ ಹಲವು ವರ್ಷಗಳಿಂದ ಸೂರತ್. ಇಲ್ಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಫ್ರೆಂಚ್ ಕಲಿಸುತ್ತೇನೆ. ನನ್ನ ಫ್ರೆಂಚಿನಲ್ಲಿ ಪೆನ್ನು ಮೇಜಿನ ಮೇಲಿರುತ್ತದೆ, ಬೆಕ್ಕು ಕುರ್ಚಿಯ ಕೆಳಗಿರುತ್ತದೆ, ಪಿಯೆರ್ ಎಂಬ ಹುಡುಗ ಪ್ರತಿವರ್ಷವೂ ತನ್ನ ಅಜ್ಜಿಯ ಮನೆಗೆ ಹೋಗುತ್ತಾನೆ. ಆ ಭಾಷೆಯನ್ನು ತಾಯ ಮಡಿಲಲ್ಲಿ ಕಲಿತ ಒಬ್ಬನೇ ಒಬ್ಬ ಮನುಷ್ಯನ ಜೊತೆ ನಾನು ಅದುವರೆಗೆ ಮಾತಾಡಿದ್ದಿಲ್ಲ. ಮಾತಾಡುವ ಪ್ರಸಂಗ ಬರುತ್ತದೆಂದು ಕನಸೂ ಕಂಡಿರಲಿಲ್ಲ. ಸೂರತ್ತಿಗೆ ಫ್ರೆಂಚರು ಯಾಕೆ ಬಂದಾರು?

ಬಂದರು. ಅದೂ ನಮ್ಮ ಕೆಳಗಿನ ಮನೆಗೇ ಬಂದರು.

ಕೆಳಗಿನ ಮನೆಯವರು ಹಂಸಾಬೆನ್. ಬೆನ್ ಎಂದರೆ ಇಲ್ಲಿನವರ ಬಾಯಲ್ಲಿ ಅಕ್ಕ. ಗಂಡ ಹೋಗಿ ಬಹಳ ಕಾಲವಾಯಿತು. ಮನೆಯಲ್ಲೇ ದುಪಟ್ಟಾಗಳಿಗೆ ಲೇಸು ಹೊಲಿಯುವ ಕೆಲಸ ಹಿಡಿದು ಮಗ ಚಿರಾಗನನ್ನು ಓದಿಸಿದ ಹೆಂಗಸು. ಈಗ ಆ ಹುಡುಗ ಅದೇ ದುಪಟ್ಟಾಗಳನ್ನು ಹೊರದೇಶಗಳಿಗೆ ಕಳಿಸುವ ವ್ಯಾಪಾರ ಮಾಡುತ್ತಾನೆ. ಮೊದಲಿನ ಎರಡೂ ಊರುಗಳಲ್ಲಿ ಹಿಂದಿಯಲ್ಲೇ ಕಾಲ ತಳ್ಳಿದ್ದ ನನಗೆ, ಈ ಊರಿಗೆ ಬಂದಾಗ ಗುಜರಾತಿ ಕಲಿಸಿದವರು ಹಂಸಾಬೆನ್ನೇ. ತರಕಾರಿ ಗಾಡಿಯ ಮುಂದೆ ನಿಲ್ಲಿಸಿ, ಒಂದೊಂದೇ ತರಕಾರಿ ಎತ್ತಿ ಹೆಸರು ಹೇಳಿಸಿ, ತಪ್ಪಿದರೆ ಮತ್ತೆ ಹೇಳಿಸಿ, ಗಾಡಿಯವನಿಗೆ ಬೇಜಾರಾಗಿ ಹೊರಟೇ ಹೋಗುವವರೆಗೆ ಕಲಿಸಿದ್ದಾರೆ. ಗುಜರಾತಿ, ಹಿಂದಿ ಎರಡನ್ನೂ ಕಲಸಿ ನಾವು ಮಾತಾಡುತ್ತೇವೆ. ಇಂಗ್ಲಿಷು ಅವರಿಗೆ ಅಷ್ಟಾಗಿ ಬಾರದು, ಒಂದು ಪದದ ಹೊರತು. ಆ ಪದ ‘ಸೆಟಲ್’.

ಆ ಒಂದು ಪದದಿಂದ ಹಂಸಾಬೆನ್ ಇಡೀ ಸಂಸಾರ ನಡೆಸಬಲ್ಲರು. ತಂಗಿ ಲಂಡನ್ನಿನಲ್ಲಿ ಸೆಟಲ್ ಆಗಿದ್ದಾಳೆ. ಓಮದ ನೀರು ಕುಡಿದ ಮೇಲೆ ಹೊಟ್ಟೆ ಸೆಟಲ್ ಆಯಿತು. ಪಾರ್ಕಿಂಗ್ ಜಗಳವನ್ನು ಸೊಸೈಟಿಯ ಸೆಕ್ರೆಟರಿ ಸೆಟಲ್ ಮಾಡಿದರು. ಚಹಾದ ಪುಡಿ ಇನ್ನೂ ಸೆಟಲ್ ಆಗಿಲ್ಲ, ಬೆನ್, ಸ್ವಲ್ಪ ತಾಳಿ. ಹೊಸ ಕೆಲಸದವಳು ಸೆಟಲ್ ಆಗುವ ಮೊದಲೇ ಬಿಟ್ಟು ಹೋದಳು. ಎಲ್ಲಕ್ಕಿಂತ ಮುಖ್ಯವಾಗಿ, ‘ಮಾರೋ ಚಿರಾಗ್ ವೆಲ್ ಸೆಟಲ್ಡ್ ಛೇ.’ ನನ್ನ ಚಿರಾಗ್ ವೆಲ್ ಸೆಟಲ್ಡ್ ಎಂಬ ಈ ವಾಕ್ಯ ಹೇಳುವಾಗ ಅವರ ಬೆನ್ನು ತಾನೇ ನೆಟ್ಟಗಾಗುತ್ತದೆ.

ಚಿರಾಗನ ಪ್ರೇಮಪ್ರಕರಣ ಶುರುವಾದದ್ದು ಒಂದು ನೀಲಿ ದುಪಟ್ಟಾದಿಂದ. ಮಡಗಾಸ್ಕರಿನ ಪಕ್ಕ ರಿಯೂನಿಯನ್ ಎಂಬ ಪುಟ್ಟ ದ್ವೀಪವಿದೆ, ಅದು ಫ್ರಾನ್ಸಿಗೆ ಸೇರಿದ್ದು. ಅಲ್ಲೊಂದು ಬಟ್ಟೆ ಅಂಗಡಿ. ಅಂಗಡಿಯ ಹಿರಿಯರು ಯಾವುದೋ ಕಾಲದಲ್ಲಿ ಸೂರತ್ತಿನ ಕಡೆಯಿಂದ ಹಡಗು ಹತ್ತಿ ಹೋದವರು. ಮೊಮ್ಮಕ್ಕಳ ಕಾಲಕ್ಕೆ ಗುಜರಾತಿಯೆಲ್ಲ ಸಮುದ್ರದಲ್ಲಿ ಕರಗಿ ಫ್ರೆಂಚು ಮಾತ್ರ ಉಳಿದಿದೆ. ಆ ಅಂಗಡಿ ನೋಡಿಕೊಳ್ಳುವ ಹುಡುಗಿ ಅನಾಯೀಸ್. ನೀಲಿ ದುಪಟ್ಟಾ ಫೋಟೋದಲ್ಲಿದ್ದಂತೆ ಇಲ್ಲ ಎಂದು ಅವಳು ಮುರುಕು ಇಂಗ್ಲಿಷಿನಲ್ಲಿ ದೂರಿದಳು. ಇಂಗ್ಲಿಷ್ ಅವಳಿಗಿಂತ ಒಂದು ಗುಲಗಂಜಿ ಹೆಚ್ಚು ಬಲ್ಲ ಚಿರಾಗ್ ವಿಡಿಯೋ ಕರೆ ಮಾಡಿ, ತಾರಸಿಗೆ ಹೋಗಿ, ಬಿಸಿಲಿನಲ್ಲಿ ಹಿಡಿದು ಬಣ್ಣ ತೋರಿಸಿದ. ಅಲ್ಲಿಂದ ಮುಂದೆ ದಿನಾ ಒಂದು ಬಣ್ಣ. ಹಳದಿ ದುಪಟ್ಟಾವನ್ನು ತಾನೇ ಹೆಗಲ ಮೇಲೆ ಹೊದ್ದು, ಮೊಬೈಲಿನ ಮುಂದೆ ಒಂದು ಸುತ್ತು ತಿರುಗಿ ನಿಂತ ಚಿರಾಗನನ್ನು ಬಟ್ಟೆ ಒಣಹಾಕಲು ಹೋದ ನಾನೇ ಕಣ್ಣಾರೆ ನೋಡಿದ್ದೇನೆ. ಹುಡುಗ ನೃತ್ಯ ಕಲಿಯುತ್ತಿರಬಹುದೆಂದು ಸುಮ್ಮನಿದ್ದೆ.

ಚಳಿಗಾಲದಲ್ಲಿ ಹುಡುಗಿ ತಂದೆತಾಯಿಯ ಜೊತೆ ಸರಕು ಖರೀದಿಗೆಂದು ಸೂರತ್ತಿಗೆ ಬರುವುದಾಗಿ ತಿಳಿಸಿದಾಗ ಚಿರಾಗ್ ಅಮ್ಮನ ಮುಂದೆ ವಿಷಯ ಬಿಚ್ಚಿಟ್ಟ. ಹಂಸಾಬೆನ್ ಅರ್ಧ ದಿನ ಮಾತು ಬಿಟ್ಟು, ಫೋಟೋ ನೋಡಿ, ಹುಡುಗಿಯ ಹೆಸರು ಕೇಳಿ, ಮೆತ್ತಗಾದರು. ಅವರ ಬಾಯಲ್ಲಿ ಅನಾಯೀಸ್ ಎಂಬುದು ‘ಅನಾಯಾಸ್’ ಆಯಿತು. ಹೆಸರಲ್ಲಿರುವಷ್ಟು ಅನಾಯಾಸ ಕೆಲಸದಲ್ಲಿ ಇರಲಿಲ್ಲ. ಹಿರಿಯರು ಪರಸ್ಪರ ಮಾತಾಡುವುದು ಹೇಗೆ? ಮೊಬೈಲಿನಲ್ಲೇ ಅನುವಾದ ಆಗುತ್ತದೆ ಎಂದು ಚಿರಾಗ್ ಹೇಳಿ ನೋಡಿದ. “ಸಂಬಂಧದ ಮಾತು ಡಬ್ಬಿ ಆಡುತ್ತದೇನೋ?” ಎಂದು ಅವನ ಬಾಯಿ ಮುಚ್ಚಿಸಿದ ಹಂಸಾಬೆನ್ ನಮ್ಮ ಮನೆಯ ಮೆಟ್ಟಿಲು ಹತ್ತಿದರು.

“ಬೆನ್, ನಿಮಗೆ ಫ್ರೆಂಚ್ ಬರುತ್ತದಲ್ಲ. ಭಾನುವಾರ ಬಂದು ನನ್ನ ಪಕ್ಕ ಕೂತುಬಿಡಿ. ಹೆಚ್ಚೇನಿಲ್ಲ. ಚಿರಾಗ್ ವೆಲ್ ಸೆಟಲ್ಡ್ ಅಂತ ಒಂದು ಮಾತು ಹೇಳಿ. ಉಳಿದದ್ದು ತಾನಾಗಿ ಸೆಟಲ್ ಆಗುತ್ತದೆ.”

ಒಂದೇ ಮಾತಲ್ಲವೇ ಎಂದು ಒಪ್ಪಿದೆ. ಸಂಜೆ ನಿಘಂಟು ತೆಗೆದು ಕೂತೆ. ಇಂಗ್ಲಿಷಿನವರು ಆ ಒಂದು ಪದಕ್ಕೆ ಒಂದು ಪುಟ ಕೊಟ್ಟಿದ್ದರು, ಫ್ರೆಂಚಿನವರು ಒಂದೊಂದು ಅರ್ಥಕ್ಕೂ ಬೇರೆ ಬೇರೆ ಪದ ಮಾಡಿ ಇಟ್ಟುಕೊಂಡಿದ್ದರು. ಮನೆ ಹೂಡಿದರೆ ಒಂದು, ಜಗಳ ತೀರಿದರೆ ಇನ್ನೊಂದು, ಗಸಿ ಕೆಳಗಿಳಿದರೆ ಮಗದೊಂದು, ಮಗು ಅಳು ನಿಲ್ಲಿಸಿದರೆ ಮತ್ತೂ ಒಂದು. ನಮ್ಮ ಯಜಮಾನರು ವಿಜಯಪುರದ ಕಡೆಯವರು. ಪೇಪರಿನಿಂದ ತಲೆಯೆತ್ತಿ, “ಏನ ಹುಡುಕಾಕತ್ತಿ ಅಷ್ಟೊತ್ತಿನಿಂದ?” ಎಂದರು.

“ಹುಡುಗ ಸೆಟಲ್ ಆಗಿದಾನೆ ಅನ್ನೋದಕ್ಕೆ ಫ್ರೆಂಚಿನಲ್ಲಿ ಏನು ಹೇಳ್ಬೇಕೋ ತಿಳೀತಿಲ್ಲ ರೀ.”

“ಅವರ ಕಡೆ ಹುಡುಗರು ಸೆಟಲ್ ಆಗಂಗಿಲ್ಲೇನು?”

“ಆಗ್ತಾರೆ. ಆದ್ರೆ ಒಬ್ಬೊಬ್ಬ ಒಂದೊಂದು ಥರ ಆಗ್ತಾನೆ. ಮನೆ ಮಾಡಿದೋನಿಗೆ ಬೇರೆ ಪದ, ಕೆಲಸ ಸಿಕ್ಕಿದೋನಿಗೆ ಬೇರೆ ಪದ.”

“ಹಂಗಾರ ನಮ್ಮ ಮಂದಿನ ಶಾಣ್ಯಾರ ಬಿಡು. ಎಲ್ಲಾ ಒಂದರಾಗ ಮುಗಿಸ್ಯಾರ” ಎಂದು ಅವರು ಮತ್ತೆ ಪೇಪರಿನೊಳಗೆ ಮುಳುಗಿದರು.

ಮಾತು ನಿಜವೇ. ನಮ್ಮ ದೇಶದಲ್ಲಿ ಹುಡುಗ ಸೆಟಲ್ ಆಗಿದ್ದಾನೆ ಎಂದರೆ ಕೆಲಸವಿದೆ, ಮನೆಯಿದೆ, ದುರಭ್ಯಾಸವಿಲ್ಲ, ತಲೆಯಲ್ಲಿ ಕೂದಲೂ ಒಂದಿಷ್ಟು ಉಳಿದಿದೆ ಎಂದೆಲ್ಲ ಅರ್ಥ. ಇಂಗ್ಲಿಷಿನವರಿಗೂ ಅದು ತಿಳಿಯದು. ಅಷ್ಟನ್ನೂ ಒಂದೇ ಪದದಲ್ಲಿ ಫ್ರೆಂಚಿಗೆ ದಾಟಿಸಬೇಕು. ‘ಅಂಸ್ತಲೇ’ ಎನ್ನೋಣವೆಂದರೆ ಮನೆ ಸಾಮಾನು ಇಳಿಸಿಕೊಂಡು ಕೂತಂತೆ ಕೇಳುತ್ತದೆ. ‘ರಾಂಝೇ’ ಎಂದರೆ ಕಪಾಟಿನಲ್ಲಿ ಮಡಿಚಿಟ್ಟಂತೆ. ಆಗ ಪುಟದ ಕೆಳಗೆ ಕಣ್ಣಿಗೆ ಬಿತ್ತು, ‘ಕಾಝೇ’. ಒಬ್ಬನನ್ನು ಉದ್ಯೋಗದಲ್ಲಾಗಲಿ ಸಂಸಾರದಲ್ಲಾಗಲಿ ನೆಲೆಗೆ ಹಚ್ಚುವುದು ಎಂದು ವಿವರಣೆ. ಉದ್ಯೋಗವೂ ಇದೆ, ಸಂಸಾರವೂ ಇದೆ! ಹಂಸಾಬೆನ್ನರಿಗಾಗಿಯೇ ಫ್ರೆಂಚರು ಹುಟ್ಟಿಸಿದ ಪದ ಎಂದು ಸಂತೋಷದಿಂದ ನಿಘಂಟು ಮುಚ್ಚಿದೆ. ಇನ್ನೊಂದು ಸಾಲು ಮುಂದಕ್ಕೆ ಓದಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೈಸೂರು ರೇಷ್ಮೆ ಉಟ್ಟು ಕೆಳಗಿಳಿದೆ. ನಮ್ಮವರೂ ಬಂದರು. ಪೋಂಕ್ ತಂದಿದ್ದಾರೆಂಬ ಸುದ್ದಿ ಅವರಿಗೆ ತಲುಪಿತ್ತು. ಚಳಿಗಾಲದಲ್ಲಿ ಸೂರತ್ತಿನವರು ಎಳೆ ಜೋಳದ ತೆನೆ ಸುಟ್ಟು ಕಾಳು ಬಿಡಿಸಿ ಸೇವು, ನಿಂಬೆಹಣ್ಣಿನ ಜೊತೆ ತಿನ್ನುತ್ತಾರೆ, ಅದೇ ಪೋಂಕ್. ಅದನ್ನು ಕಂಡಾಗಲೆಲ್ಲ ನಮ್ಮವರು, “ಇದು ನಮ್ಮ ಸೀತನಿ ಅಲ್ಲೇನ? ಇವರೇನ ಹೊಸಾ ಹೆಸರ ಇಟ್ಟಾರ” ಎನ್ನುತ್ತಾ ಉಳಿದವರ ಪಾಲನ್ನೂ ತಿನ್ನುತ್ತಾರೆ.

ಅತಿಥಿಗಳು ಸೋಫಾದಲ್ಲಿ ಕೂತಿದ್ದರು. ತಂದೆ ನೋಡಲು ಥೇಟ್ ಸೂರತ್ತಿನ ಶೇಠ್. ಬಾಯಿ ತೆರೆದರೆ ಪ್ಯಾರಿಸ್. ತಾಯಿ ಹಳದಿ ಫ್ರಾಕಿನ ನಗುಮುಖದ ಹೆಂಗಸು. ನಡುವೆ ಅನಾಯೀಸ್, ಆ ಮೊದಲ ನೀಲಿ ದುಪಟ್ಟಾ ಹೊದ್ದು. ಚಿರಾಗ್ ಬಾಗಿಲ ಬಳಿ ಟ್ರೇ ಹಿಡಿದು, ಕಾಣಿಸಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತಿದ್ದ. ನಾನು “ಬೋಂಝೂರ್” ಎಂದೆ. ತಂದೆಯವರ ಮುಖ ಅರಳಿತು. ಕೂಡಲೇ ಅವರು ಏನೇನೋ ಹೇಳಿದರು. ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲಿನ ಹಾಗೆ ಆ ಮಾತು ನನ್ನ ಮುಂದೆ ಹಾದುಹೋಯಿತು. ಬೋಗಿಗಳು ಕಂಡವು, ಹೆಸರು ಓದಲಾಗಲಿಲ್ಲ. ನಾನು ನಕ್ಕು “ಉಯ್, ಉಯ್” ಎಂದೆ. ಹೌದು ಹೌದು ಎಂದರೆ ಯಾರಿಗೂ ನಷ್ಟವಿಲ್ಲವೆಂದು ಆಗ ನಾನು ನಂಬಿದ್ದೆ.

ಹಂಸಾಬೆನ್ ನನ್ನ ಮೊಣಕೈ ತಿವಿದರು. “ಬೋಲೋ ನೇ, ಬೆನ್.”

ನಾನು ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಡಿಕ್ಟೇಶನ್ ಕೊಡುವ ದನಿಯಲ್ಲಿ, ಚಿರಾಗನತ್ತ ಕೈ ತೋರಿ ಹೇಳಿದೆ: “ಇಲ್ ಎ ಬಿಯಾಂ ಕಾಝೇ.”

ಹುಡುಗಿಯ ತಾಯಿಯ ಕೈಯಲ್ಲಿದ್ದ ಕಡಲೆಹಿಟ್ಟಿನ ಖಮಣ್ ಬಾಯಿಯ ದಾರಿಯಲ್ಲೇ ನಿಂತಿತು. ತಂದೆ ಮುಂದಕ್ಕೆ ಬಾಗಿ, ನಿಧಾನವಾಗಿ, ನನಗೂ ಅರ್ಥವಾಗುವಷ್ಟು ನಿಧಾನವಾಗಿ ಕೇಳಿದರು: “ಯಾರ ಜೊತೆ?”

ಹುಡುಗ ಯಾರ ಜೊತೆ ವಾಸವಿದ್ದಾನೆ ಎಂದು ಕೇಳುತ್ತಿದ್ದಾರೆ, ಸಹಜ ಪ್ರಶ್ನೆ. ಹೆಣ್ಣು ಕೊಡುವವರು ಕೇಳುವುದೇ ಇದನ್ನು. ನಾನು ಹಂಸಾಬೆನ್ನರ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟು, “ತಾಯಿಯ ಜೊತೆ” ಎಂದೆ.

ತಂದೆಯವರ ಮುಖ ಬೆಳ್ಳಗಾಯಿತು. ಸಾಲದೆಂಬಂತೆ, ಹುಡುಗನ ಸದ್ಗುಣಕ್ಕೆ ಒತ್ತು ಕೊಡಲು ನಾನು ಇನ್ನೊಂದು ವಾಕ್ಯ ಸೇರಿಸಿದೆ. “ತುಂಬಾ ವರ್ಷಗಳಿಂದ. ಇಬ್ಬರೂ ಬಹಳ ಸುಖವಾಗಿದ್ದಾರೆ.”

ಏನೂ ಅರ್ಥವಾಗದ ಹಂಸಾಬೆನ್ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಮುಗಿದು, ಹೆಮ್ಮೆಯಿಂದ ನಗುತ್ತಿದ್ದರು. ಆಗ ಅನಾಯೀಸಳ ಕಡೆಯಿಂದ ಕುಕ್ಕರ್ ಸಿಳ್ಳೆ ಹಾಕುವ ಮುಂಚೆ ಬರುವಂಥದ್ದೊಂದು ಸದ್ದು ಬಂತು. ಹುಡುಗಿ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಿದ್ದಳು. ಮರುಕ್ಷಣ ಸಿಳ್ಳೆಯೂ ಬಂತು. ನಕ್ಕಳು ನೋಡಿ, ಸೋಫಾದಿಂದ ಜಾರಿ ನೆಲಕ್ಕೆ ಬಂದಳು. ಕಣ್ಣೊರೆಸಿಕೊಂಡು ನನಗೆ ಬಿಡಿಸಿ ಹೇಳಿದಳು. ಮೇಡಂ, ಈಗಿನ ಜನ ‘ಕಾಝೇ’ ಎನ್ನುವುದು ಈಗಾಗಲೇ ಒಬ್ಬಳನ್ನು ಕಟ್ಟಿಕೊಂಡು ಸಂಸಾರ ಹೂಡಿದವನಿಗೆ.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ನಾವಿದ್ದದ್ದು ಎರಡನೇ ಮಹಡಿಯಲ್ಲಿ, ಭೂಮಿ ಬಾಯಿ ಬಿಟ್ಟರೂ ಮೊದಲನೇ ಮಹಡಿಯ ವಕೀಲರ ಮನೆಗೆ ಬೀಳುತ್ತಿದ್ದೆ. ಬೇರೆ ದಾರಿಯಿಲ್ಲದೆ ನಡೆದದ್ದನ್ನೆಲ್ಲ ಹಂಸಾಬೆನ್ನರಿಗೆ ಹೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ದಿಟ್ಟಿಸಿದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗಲು ಶುರುಮಾಡಿದರು. ಅವರ ನಗು ಕಂಡು ಶೇಠರು ನಕ್ಕರು, ಶೇಠರ ಹೆಂಡತಿ ನಕ್ಕು ಖಮಣನ್ನು ಕೊನೆಗೂ ಬಾಯಿಗೆ ಹಾಕಿಕೊಂಡರು. ಕನ್ನಡ ಬಿಟ್ಟು ಬೇರಾವುದಕ್ಕೂ ಆ ಹೊತ್ತು ಕಿವಿಗೊಡದಿದ್ದ ನಮ್ಮವರು, “ಏನಾತು? ಕೂಡಿ ಬಂತೇನ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಇನ್ನೊಂದು ಮುಷ್ಟಿ ಸೀತನಿ ಬಾಯಿಗೆ ಸುರಿದುಕೊಂಡರು.

ನಗು ಇಳಿದ ಮೇಲೆ ಹಂಸಾಬೆನ್ ಗಂಭೀರವಾದರು. “ಬೆನ್, ಈಗ ಇನ್ನೊಂದು ಮಾತು ಕೇಳಿ. ಹುಡುಗಿ ಇಲ್ಲಿ ಸೆಟಲ್ ಆಗುತ್ತಾಳಾ?”

“ಹಂಸಾಬೆನ್, ಕೈಮುಗಿಯುತ್ತೇನೆ, ಆ ಪದ ಬೇಡ. ನಿಮ್ಮ ಮನಸ್ಸಿನಲ್ಲಿರುವುದನ್ನು ಗುಜರಾತಿಯಲ್ಲಿ ಹೇಳಿ, ಅದನ್ನು ದಾಟಿಸುತ್ತೇನೆ.”

ಅವರಿಗೆ ಬೇರೆ ಪದ ಹುಡುಕುವ ಅಭ್ಯಾಸ ತಪ್ಪಿಹೋಗಿತ್ತು ಪಾಪ. ತಡವರಿಸುತ್ತಾ ಸಣ್ಣ ದನಿಯಲ್ಲಿ ಹೇಳಿದರು. “ಈ ಊರಲ್ಲಿ ಅವಳ ಮಾತು ಆಡುವವರು ಯಾರಿದ್ದಾರೆ? ನೀವು ಹೊಸದಾಗಿ ಬಂದಾಗ ಹೇಗಿದ್ದಿರಿ, ನಾನು ನೋಡಿದ್ದೇನೆ. ಕಿಟಕಿಯಲ್ಲಿ ನಿಂತು ಒಬ್ಬರೇ ಏನೋ ಗುನುಗಿಕೊಳ್ಳುತ್ತಿದ್ದಿರಿ. ಈ ಹುಡುಗಿ ಹೀಗೆ ಬಾಯ್ತುಂಬ ನಗುವವಳು. ನನ್ನ ಅಡುಗೆಮನೆಯಲ್ಲಿ ಮೂಕಿಯ ಹಾಗೆ ನಿಂತರೆ ನಾನು ಸಹಿಸಲಾರೆ. ಅವಳ ಜೀವ ಇಲ್ಲಿಗೆ ಒಗ್ಗುತ್ತದಾ ಕೇಳಿ.”

ನಾನು ಕಿಟಕಿಯಲ್ಲಿ ನಿಲ್ಲುತ್ತಿದ್ದದ್ದನ್ನು ಅವರು ನೋಡಿದ್ದರೆಂದು ನನಗೆ ಅಂದೇ ತಿಳಿದದ್ದು. ತರಕಾರಿ ಗಾಡಿಯ ಪಾಠ ಯಾಕೆ ಅಷ್ಟು ಹೊತ್ತು ನಡೆಯುತ್ತಿತ್ತು ಎಂಬುದೂ. ಅದನ್ನೆಲ್ಲ ಫ್ರೆಂಚಿನಲ್ಲಿ ಹೇಳುವಾಗ ನಾನು ನಿಘಂಟನ್ನು ನೆನೆಯಲಿಲ್ಲ. ವ್ಯಾಕರಣ ಎಷ್ಟು ಕಡೆ ಮುರಿಯಿತೋ ಗೊತ್ತಿಲ್ಲ, ಪುಲ್ಲಿಂಗ ಸ್ತ್ರೀಲಿಂಗಗಳು ಗುಂಪಿನಲ್ಲಿ ತಪ್ಪಿಸಿಕೊಂಡಿರಬೇಕು. ಆದರೆ ಈ ಸಲ ಯಾರೂ ಬೆಳ್ಳಗಾಗಲಿಲ್ಲ. ಹುಡುಗಿಯ ತಾಯಿ ಎದ್ದು ಬಂದು ಹಂಸಾಬೆನ್ನರ ಎರಡೂ ಕೈ ಹಿಡಿದುಕೊಂಡರು. “ನಾನು ವಿಮಾನದಲ್ಲಿ ದಾರಿಯುದ್ದಕ್ಕೂ ಯೋಚಿಸಿದ್ದು ಇದನ್ನೇ” ಎಂದರು. ಶೇಠರು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು.

ಅನಾಯೀಸಳ ಬಳಿ ಮಾತ್ರ ಎಲ್ಲದರ ಲೆಕ್ಕಾಚಾರ ಸಿದ್ಧವಾಗಿಯೇ ಇತ್ತು. ಅಂಗಡಿ ನಡೆಸಿದ ಹುಡುಗಿ ನೋಡಿ. ಅರ್ಧ ವರ್ಷ ಇಲ್ಲಿ, ಸರಕು ಆರಿಸಿ ಕಳಿಸುವುದು. ಅರ್ಧ ವರ್ಷ ಅಲ್ಲಿ, ಮಾರುವುದು. ಚಿರಾಗ್ ಅವಳ ಜೊತೆ ಹೋಗಿ ಬರುವುದು, ಹಂಸಾಬೆನ್ ಮನಸ್ಸಾದಾಗ ದ್ವೀಪ ನೋಡಲು ಬರುವುದು. ನಾನು ಇದನ್ನು ದಾಟಿಸಿದಾಗ ಹಂಸಾಬೆನ್ ಬೆರಳು ಮಡಿಚಿ ಯೋಚಿಸಿ, “ಅಂದರೆ ಅರ್ಧ ಸೆಟಲ್” ಎಂದರು. ಚಿರಾಗ್ ಟ್ರೇ ಹಿಡಿದೇ ಬಾಗಿಲಿನಿಂದ ಒಂದು ಹೆಜ್ಜೆ ಒಳಗಿಟ್ಟ. ಹಂಸಾಬೆನ್ ಅವನನ್ನೊಮ್ಮೆ, ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹುಡುಗಿಯನ್ನೊಮ್ಮೆ ನೋಡಿ, “ಚಾಲ್ಸೇ” ಎಂದರು. ನಡೆಯುತ್ತದೆ ಎಂದು ಅರ್ಥ. ಅದನ್ನು ನಾನು ಅನುವಾದಿಸುವ ಮೊದಲೇ ಹುಡುಗಿ ಎದ್ದು ಅವರ ಕಾಲಿಗೆ ಬಿದ್ದಿದ್ದಳು.

“ಹಾಗಾದರೆ ಫ್ರೆಂಚ್ ಮಾತಾಡಲು ಯಾರು?” ಎಂದು ಹುಡುಗಿಯ ತಾಯಿ ಕೇಳಿದರು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಸೋದರಮಾವ ನೆನಪಾದರು. ಹೇಳಿದೆನಲ್ಲ, ವಿದ್ಯೆ ಬಚ್ಚಿಡಬೇಕಿತ್ತು.

ಮದುವೆ ಮುಂದಿನ ಚಳಿಗಾಲದಲ್ಲಿ ಸಡಗರದಿಂದ ಆಯಿತು. ಈಗ ಅನಾಯೀಸ್ ಸೂರತ್ತಿನಲ್ಲಿರುವ ತಿಂಗಳುಗಳಲ್ಲಿ ದಿನಾ ಸಂಜೆ ನಮ್ಮ ಮನೆಗೆ ಬರುತ್ತಾಳೆ, ಫ್ರೆಂಚ್ ಮಾತಾಡಲು. ಮಾತಾಡುವುದು ಅವಳು, ತಿದ್ದಿಸಿಕೊಳ್ಳುವುದು ನಾನು. ಅಷ್ಟು ವರ್ಷ ಮಕ್ಕಳಿಗೆ ಕೆಂಪು ಶಾಯಿ ಹಾಕಿದವಳು ಈಗ ಸೋಫಾದ ತುದಿಯಲ್ಲಿ ಕೈಕಟ್ಟಿ ಕೂತು, “ಇಲ್ಲ ಮೇಡಂ, ಇದನ್ನು ನಮ್ಮ ಅಜ್ಜಿಯ ಕಾಲದಲ್ಲಿ ಹೀಗೆ ಹೇಳುತ್ತಿದ್ದರು” ಎಂದು ಕೇಳಿಸಿಕೊಳ್ಳುತ್ತೇನೆ. ಗುಜರಾತಿಯನ್ನಂತೂ ಅವಳು ನನಗಿಂತ ಬೇಗ ಕಲಿತಳು. ಗಾಡಿಯವನ ಹತ್ತಿರ ಅವಳು ಚೌಕಾಶಿ ಮಾಡುವುದನ್ನು ಕೇಳಲು ಹಂಸಾಬೆನ್ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಳ್ಳುತ್ತಾರೆ.

ಮೊನ್ನೆ ಅವಳು ಕೇಳಿದಳು, “ಮೇಡಂ, ಆ ಸೆಟಲ್‌ಗೆ ನಿಮ್ಮ ಕನ್ನಡದಲ್ಲಿ ಏನು ಹೇಳುತ್ತೀರಿ?” ನನಗೆ ಉತ್ಸಾಹ ಉಕ್ಕಿತು. ಕಡೆಗೂ ನಾನು ತಿದ್ದಬಹುದಾದ ಭಾಷೆ! ಬಾಯಿಗೆ ಮೊದಲು ಬಂದದ್ದು ‘ಸೆಟಲ್ ಆಗೋದು’ ಎಂದೇ. ಅದನ್ನು ನುಂಗಿಕೊಂಡು, ನೆನಪನ್ನು ಕೆದಕಿ, “ತಳವೂರುವುದು” ಎಂದೆ. ತಳ ಎಂದರೆ ಅಡಿ, ಊರು ಎಂದರೆ ಒತ್ತಿ ನಿಲ್ಲಿಸು, ಊರು ಎಂದರೆ ಹಳ್ಳಿಪಟ್ಟಣವೂ ಹೌದು, ನೋಡು ಎಂಥ ಸೊಗಸು ಎಂದು ಫ್ರೆಂಚಿನಲ್ಲಿ ಕೈಯಾಡಿಸುತ್ತಾ ವ್ಯಾಖ್ಯಾನ ಮಾಡುತ್ತಲೇ ಹೋದೆ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು.

ಆಗ ಅಡುಗೆಮನೆಯಿಂದ ನಮ್ಮವರ ದನಿ ಬಂತು. “ಟೀಚರಮ್ಮಾ, ಹಾಲು ತಳಾ ಹಿಡದೈತಿ ನೋಡು!”

ಅದೇ ತಾನೇ ಕಲಿತ ‘ತಳ’ ಕಿವಿಗೆ ಬಿದ್ದು ಹುಡುಗಿ ಪುಳಕಗೊಂಡಳು. “ಅಂಕಲ್ ಏನಂದರು?”

“ನಾವು ಈ ಊರಲ್ಲಿ ಚೆನ್ನಾಗಿ ತಳವೂರಿದ್ದೇವೆ ಅಂದರು” ಎಂದು ಅನುವಾದಿಸಿದೆ.

ಅನಾಯೀಸ್ ಮೂಗರಳಿಸಿ, ಅಡುಗೆಮನೆಯ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿ, ದುಪಟ್ಟಾದ ತುದಿಯನ್ನು ಮೆಲ್ಲಗೆ ಬಾಯಿಗೆ ತುರುಕಿಕೊಂಡಳು.